ಎಡಗೈಯವಳ ಕತ್ತರಿ

ದರ್ಜಿಯ ಎರಡನೆಯ ಹೆಂಡತಿಗೆ ಸವತಿ ಎಂದರೆ ಗೋಡೆಯ ಮೊಳೆಗೆ ನೇತುಹಾಕಿದ ಒಂದು ಕತ್ತರಿ. ಮೊದಲನೆಯವಳು ಸತ್ತು ಎಷ್ಟೋ ವರ್ಷವಾಗಿತ್ತು. ಅವಳ ಕತ್ತರಿ ಮಾತ್ರ ಸಾಣೆ ಹಿಡಿಸಿಕೊಂಡು, ಎಣ್ಣೆ ಕುಡಿದುಕೊಂಡು ಸುಖವಾಗಿತ್ತು. "ಒಳ್ಳೇ ಉಕ್ಕು ಕಣೆ, ಎಸೆಯೋಕಾಗುತ್ತಾ?" ಎನ್ನುತ್ತಿದ್ದ ದರ್ಜಿ. ಉಕ್ಕಂತೆ! ಎರಡನೆಯವಳ ಹೊಟ್ಟೆ ಉರಿಯುತ್ತಿತ್ತು.

ಇವಳು ಎಡಗೈಯವಳು. ಮದುವೆಯಾದ ಹೊಸತರಲ್ಲಿ ಬಲಗೈಯವರಿಗೆಂದು ಮಾಡಿದ ಆ ಕತ್ತರಿ ಹಿಡಿದರೆ ಬಟ್ಟೆ ಅಲಗುಗಳ ನಡುವೆ ಮಡಚಿಕೊಳ್ಳುತ್ತಿತ್ತೇ ಹೊರತು ತುಂಡಾಗುತ್ತಿರಲಿಲ್ಲ. ದರ್ಜಿ ಊರೆಲ್ಲ ಅಲೆದು ಎಡಗೈಯವರ ಕತ್ತರಿ ತಂದ. "ತಗೋ, ಎಡಚಿ" ಎಂದ. ಅಂದಿನಿಂದ ಆ ಹೆಸರು ಅವಳೊಬ್ಬಳದೇ ಸ್ವತ್ತು. ಅವನು ಬಟ್ಟೆಯ ಮೇಲೆ ಗೆರೆ ಹಾಕುವುದು, ಅವಳು ಎಡಗೈ ಚಾಚುವುದು, ಅವನು ತಲೆಯೆತ್ತದೆ ಕತ್ತರಿ ಕೊಡುವುದು. ಅವರ ಸಂಸಾರ ನಡೆದದ್ದೇ ಹಾಗೆ.

ಒಂದು ಬೆಳಿಗ್ಗೆ ದರ್ಜಿ ಇಸ್ತ್ರಿ ಮೇಜಿನ ಪಕ್ಕದಲ್ಲೇ ಕುಸಿದ. ಆಸ್ಪತ್ರೆಯಿಂದ ಬಂದವನು ನಡೆದ, ಉಂಡ, ಮಾತಾಡಿದ. ಆದರೆ ಅವಳು ಕೈ ಚಾಚಿದಾಗ ಕೊಟ್ಟದ್ದು ಸತ್ತವಳ ಕತ್ತರಿ. "ಅದಲ್ಲ ರೀ, ನಂದು" ಎಂದರೆ "ಹೌದಲ್ಲ" ಎಂದು ಒಪ್ಪಿಕೊಂಡು ಮತ್ತೆ ಅದನ್ನೇ ಕೊಟ್ಟ.

ಡಾಕ್ಟರಮ್ಮ ಬಿಡಿಸಿ ಹೇಳಿದರು: "ಮಿದುಳಿನ ನಡುವೆ ಥಾಲಮಸ್ ಅಂತ ಒಂದು ಭಾಗ ಇದೆ. ಅಲ್ಲಿಗೆ ರಕ್ತ ಹೋಗೋದು ನಿಂತು ಪೆಟ್ಟಾಗಿದೆ. ನೆನಪು ಹಿಡಿಯೋಕೆ, 'ಹಳೇ ರೂಢಿ ಬಿಡು, ಈಗ ಇದು ಬೇಕು' ಅಂತ ದಾರಿ ಬದಲಿಸೋಕೆ, ಮಿದುಳಿನ ಮುಂಭಾಗಕ್ಕೆ ಅದರ ಆಸರೆ ಬೇಕು. ಆಸರೆ ತಪ್ಪಿದೆ, ಅದಕ್ಕೇ ಮೊದಲು ಕಲಿತದ್ದೇ ಮುಂದೆ ಬರ್ತಿದೆ. ಕಣ್ಣಿಗೆ ಹೊಡೆಯೋ ಗುರುತು ಇಟ್ಟು, ಸಮಾಧಾನವಾಗಿ ಅಭ್ಯಾಸ ಮಾಡಿಸಿ."

"ಅಂದ್ರೆ ಅವಳು ಮುಂದೆ, ನಾನು ಹಿಂದೆ" ಎಂದಳು ಇವಳು.

ಸಮಾಧಾನವಂತೆ! ಮನೆಗೆ ಬಂದವಳೇ ಆ ಕತ್ತರಿಯನ್ನು ಹಾಸಿಗೆಯ ಕೆಳಗೆ ತುರುಕಿದಳು. ಪೀಡೆ ತೊಲಗಿತು ಎಂದುಕೊಂಡು ಮರುದಿನ ಕೈ ಚಾಚಿದಳು. ದರ್ಜಿಯ ಕೈ ಬರಿ ಮೊಳೆಯನ್ನು ತಡಕಿತು, ಮತ್ತೆ ತಡಕಿತು. ಪಕ್ಕದ ಮೊಳೆಯಲ್ಲೇ ಅವಳ ಕತ್ತರಿ ತೂಗುತ್ತಿತ್ತು. ಕೈ ಅತ್ತ ಹೊರಳಲೇ ಇಲ್ಲ. ಸಂತೆಯಲ್ಲಿ ಕಳೆದುಹೋದ ಮಗುವಿನಂತೆ ಅವಳ ಮುಖ ನೋಡಿದ. ಅವಳಿಗೆ ಕರುಳು ಚುರುಕ್ ಎಂದಿತು. ಹೊಟ್ಟೆಕಿಚ್ಚೇನೂ ಆರಲಿಲ್ಲ.

ಹಾಳಾಗಿ ಹೋಗಲಿ ಎಂದು ಅದನ್ನು ಮತ್ತೆ ಮೊಳೆಗೆ ಹಾಕಿದಳು. ತನ್ನ ಕತ್ತರಿಯ ಹಿಡಿಗೆ ಕೆಂಪು ಬಟ್ಟೆ ಸುತ್ತಿ, ಎಡ ಮಣಿಕಟ್ಟಿಗೂ ಅದೇ ಬಟ್ಟೆ ಕಟ್ಟಿಕೊಂಡಳು. ದಿನಾ ಕೈ ಚಾಚಿದಳು, ದಿನಾ ಸವತಿಯದೇ ಬಂತು. ಬೈದಳು, ಅತ್ತಳು, ಮತ್ತೆ ಚಾಚಿದಳು.

ಒಂದು ಮಧ್ಯಾಹ್ನ ದರ್ಜಿ ಹಳೆಯ ಕತ್ತರಿ ತೆಗೆದವನು ಅರ್ಧಕ್ಕೇ ನಿಂತ. ಕೆಂಪು ಮಣಿಕಟ್ಟನ್ನು ನೋಡಿದ. ಹಳೆಯದನ್ನು ನಿಧಾನವಾಗಿ ಅದರ ಜಾಗಕ್ಕೆ ಹಾಕಿ, ಪಕ್ಕದ್ದನ್ನು ತೆಗೆದ.

"ತಗೋ, ಎಡಚಿ."

ಅವಳು ಕತ್ತರಿ ತೆಗೆದುಕೊಂಡಳು. ಗಿರಾಕಿಯ ಬಟ್ಟೆಯ ಮೇಲೆ ಕಣ್ಣೀರು ಬೀಳದಂತೆ ಮುಖ ಆಚೆ ತಿರುಗಿಸಿಕೊಂಡಳು.

"ಇವತ್ತು ಮೊದಲು ಅವಳದನ್ನೇ ಮುಟ್ಟಿದ್ರಿ," ಎಂದಳು ಬಿಕ್ಕುತ್ತ. "ನಾಳೆ ನಂದನ್ನ ಮೊದಲು ಮುಟ್ಟಬೇಕು."