ಹಿರಿಯರ ಎಲೆಗೆ ಎಳನೀರು

ನನ್ನ ಮೊಮ್ಮಗ ಕುಡಿತ ಬಿಟ್ಟು ಇವತ್ತಿಗೆ ಒಂದು ವರ್ಷ! ಬೆಳಿಗ್ಗೆಯೇ ಭಾಂಡುಪ್‌ನ ನಮ್ಮ ಬಿಲ್ಡಿಂಗ್‌ನ ನಾಲ್ಕು ಮಾಳಿಗೆ ಹತ್ತಿಳಿದು ಎಲ್ಲರಿಗೂ ಹೇಳಿ ಬಂದೆ.

"ಮನೆಯ ವಿಷಯ ಊರಿಗೆಲ್ಲ ಯಾಕೆ ಅತ್ತೆ?" ಎಂದಳು ಸೊಸೆ.

"ಅವನು ಮೆಟ್ಟಿಲಲ್ಲಿ ಬಿದ್ದದ್ದನ್ನು ಎಲ್ಲರೂ ನೋಡಿದ್ದಾರೆ. ಎದ್ದದ್ದನ್ನೂ ನೋಡ್ಲಿ!"

ಅವನನ್ನು ಮೊದಲ ಸಲ ಸೇರಿಸಿದಾಗ ಹತ್ತು ದಿನ ಆಸ್ಪತ್ರೆ. ಕೈ ನಡುಗಿ ಗಂಜಿಯ ಲೋಟ ಹಿಡಿಯಲಾಗುತ್ತಿರಲಿಲ್ಲ. ಆಮೇಲೆ ಮೂರು ತಿಂಗಳು ಮಲಾಡ್‌ನ ಕುಡಿತ ಬಿಡಿಸುವ ಒಂದು ಕೇಂದ್ರದಲ್ಲಿದ್ದ. ಡಾಕ್ಟರು ಹೇಳಿದ್ದರಲ್ಲಿ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ತಿಳಿದದ್ದು ಇಷ್ಟೇ: ಒಂದು ತೊಟ್ಟೂ ಕೂಡದು. ಆದರೂ ನಾನೇ ತಪ್ಪು ಮಾಡಿದೆ.

ದೀಪಾವಳಿಗೆ ನಾವು ತೀರಿಹೋದ ಹಿರಿಯರಿಗೆ, ಈಗ ನನ್ನ ಗಂಡನಿಗೂ, ಎಲೆ ಹಾಕಿ ಬಡಿಸುತ್ತೇವೆ. ಕೋಳಿ ಪದಾರ್ಥದ ಪಕ್ಕ ಒಂದು ಗ್ಲಾಸ್ ಬ್ರಾಂದಿ ಇಡುವುದು ಪದ್ಧತಿ. ಆಮೇಲೆ ಅದನ್ನು ಗಂಡಸರು ಪ್ರಸಾದವೆಂದು ಒಂದೊಂದು ಗುಟುಕು ಕುಡಿಯುತ್ತಾರೆ. ಕಳೆದ ವರ್ಷ, ಆಗಷ್ಟೇ ಕೇಂದ್ರದಿಂದ ಬಂದವನ ಕೈಗೆ ಆ ಗ್ಲಾಸ್ ಕೊಟ್ಟವಳು ನಾನು. ಪ್ರಸಾದಕ್ಕೆ ಏನಾಗುತ್ತದೆ ಎಂದುಕೊಂಡೆ. ವಾರದೊಳಗೆ ಮತ್ತೆ ಆಸ್ಪತ್ರೆ, ಮತ್ತೆ ಕೇಂದ್ರ. ಹೊರಬಂದ ಮೇಲೆ ದಿನಾ ಸಂಜೆ ಕುಡಿತ ಬಿಟ್ಟವರ ಮೀಟಿಂಗ್.

ಮೊನ್ನೆಯ ದೀಪಾವಳಿಗೆ ಆ ಗ್ಲಾಸಿಗೆ ಎಳನೀರು ಸುರಿದೆ. ಗ್ರಾಂಟ್ ರೋಡ್‌ನಿಂದ ಬಂದಿದ್ದ ಮೈದುನನ ಮುಖ ಕೆಂಪಾಯಿತು.

"ಎಂತ ಅತ್ತಿಗೆ ಇದು? ಅಣ್ಣ ಯಾವತ್ತಾದ್ರೂ ಎಳನೀರು ಮುಟ್ಟಿದವರಾ? ಶಾಪ ಹಾಕ್ತಾರೆ ನೋಡಿ."

"ಹಾಕ್ಲಿ! ಬದುಕಿರುವಾಗ ನಲವತ್ತು ವರ್ಷ ಬೈಸಿಕೊಂಡಿದ್ದೇನೆ, ಈಗ ಹೆದರುದಾ? ಅವರನ್ನು ತಿಂದದ್ದೂ ಇದೇ ಬ್ರಾಂದಿ. ನಿನಗೆ ಬೇಕಾದ್ರೆ ನಿನ್ನ ಮನೆಯಲ್ಲಿ ಬಡಿಸು ಮಾರಾಯ."

"ಬಸ್ ಕರೋ ಅಜ್ಜಿ, ಸಾಕು," ಮೊಮ್ಮಗ ನಕ್ಕ, "ಅಜ್ಜ ಎಲೆ ಬಿಟ್ಟು ಓಡಿ ಹೋಗ್ತಾರೆ."

ಮೈದುನ ಊಟ ಮಾಡದೆ ಹೋದ. ಹೋಗಲಿ ಎಂದೆ. ಸತ್ತವರು ಮುನಿಸಿಕೊಂಡರೆ ಸಮಾಧಾನ ಮಾಡಬಹುದು, ಹುಡುಗ ಹೋದರೆ ಎಲ್ಲಿಂದ ತರಲಿ?

ಇವತ್ತು ಸಂಜೆ ಮೀಟಿಂಗ್‌ಗೆ ನಾನೂ ಹೋಗಿದ್ದೆ. ಒಂದು ವರ್ಷ ಕುಡಿಯದೆ ಇದ್ದದ್ದಕ್ಕೆ ಅವನ ಕೈಗೆ ಬಿಲ್ಲೆ ಕೊಟ್ಟಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ. ಮನೆಗೆ ಬಂದರೆ ಬಾಗಿಲಲ್ಲಿ ಮೈದುನ, ಕೈಯಲ್ಲಿ ಬಂಗುಡೆ ಮೀನಿನ ಚೀಲ.

"ಊಟ ಉಂಟಾ ಅತ್ತಿಗೆ?"

"ಮೊದಲು ಕೈ ತೊಳಿ."

ಹಾಲ್‌ನಲ್ಲಿ ನೆಲದ ಮೇಲೆ ಒತ್ತೊತ್ತಾಗಿ ಕುಳಿತೆವು. ಸೊಸೆ ಬಿಸಿಬಿಸಿ ಬಂಗುಡೆ ಹುರಿದು ತಂದಳು. ಮೊಮ್ಮಗ ಮೂರನೆಯದಕ್ಕೆ ಕೈ ಹಾಕಿದ.

"ಏಯ್, ನನಗೂ ಒಂದು ಬಿಡು," ಎಂದು ಮೈದುನ ತಟ್ಟೆ ಮುಂದೆ ಮಾಡಿದ.