ಎರಡು ಹಗ್ಗದ ಗುಡಿಸಲು

ಅಣ್ಣ ಕಟ್ಟಿದ ಗುಡಿಸಲಿನ ಮುಂದೆ ಎರಡು ಹಗ್ಗಗಳಿದ್ದವು. ಎಡಗಡೆಯದು ಅವನದು, ಬಲಗಡೆಯದು ನನ್ನದು. ನನ್ನ ಹಗ್ಗವನ್ನು ನಾನು ಒಂದು ಸಲವೂ ಹಿಡಿದು ಎಳೆಯಲಿಲ್ಲ. ಅದಾದರೂ ಹೋಗಲಿ, ಆ ಗುಡಿಸಲೇ ನಮ್ಮದಲ್ಲ ಎಂದು ಜನರ ಮುಂದೆ ಹೇಳಿಬಿಟ್ಟೆ. ಅಣ್ಣನ ವಿಷಯ ಬರೆಯಲು ಕೂತರೆ ಮೊದಲು ಇದನ್ನು ಹೇಳದೆ ಮುಂದಿನ ಮಾತು ಬರುವುದಿಲ್ಲ.

ಅವನ ಹೆಸರು ಯಮನಪ್ಪ. ಏನನ್ನು ಕಂಡರೂ ಬೆರಳಿನ ಗೆಣ್ಣಿನಿಂದ ಬಡಿದು, ಕಿವಿ ಕೊಟ್ಟು ಕೇಳುವ ಮನುಷ್ಯ. ಕಲ್ಲಂಗಡಿ, ಗೋಡೆ, ಕಾರಿನ ಬಾಗಿಲು, ಯಾವುದನ್ನೂ ಬಿಡುತ್ತಿರಲಿಲ್ಲ. “ತಡಿ, ಮಾತಾಡ್ಸಿ ನೋಡೂಣು” ಎನ್ನುತ್ತಿದ್ದ. ಅಂಗಡಿಗಳ ದೊಡ್ಡ ಫ್ರಿಜ್‌ಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಊಟಕ್ಕೆ ಕರೆದವರ ಮನೆಯಲ್ಲೂ ಮೊದಲು ಅಡುಗೆಮನೆಗೆ ಹೋಗಿ ಅವರ ಫ್ರಿಜ್ ಬಡಿಯುವವನು. “ಇದಕ್ಕ ನೆಗಡಿ ಆಗೇತ್ರಿ” ಎಂದು ಹೇಳಿ, ಪಾಯಸ ಬರುವುದರೊಳಗೆ ಹಿಂಬದಿಯ ಧೂಳು ತೆಗೆದು ಕೂತಿರುತ್ತಿದ್ದ. ನಾನು ಸಿಟ್ಟು ಮಾಡಿದಾಗಲೂ ಅವನ ಉತ್ತರ ಕಸುಬಿನದೇ: “ತಣ್ಣಗಿರವ್ವಾ ಗಂಗಾ. ತಣ್ಣಗಿದ್ದದ್ದು ಕೆಡೂದಿಲ್ಲ.”

ನಾವು ಕೃಷ್ಣಾ ಹೊಳೆಯ ದಂಡೆಯವರು. ಅಪ್ಪ ಡಾಂಬರು ಬಳಿದ ಹರಗೋಲಿನಲ್ಲಿ ಮೀನು ಹಿಡಿಯುತ್ತಿದ್ದ. ದೊಡ್ಡ ಬಲೆ ಬಿಟ್ಟ ದಿನ ಅದರ ಎರಡು ತುದಿಯ ಹಗ್ಗಗಳನ್ನು ಅಣ್ಣ ಒಂದು ಕಡೆ, ನಾನೊಂದು ಕಡೆ ಹಿಡಿದು ದಂಡೆಗೆ ಎಳೆಯುತ್ತಿದ್ದೆವು. ಒಬ್ಬರು ಸಡಿಲ ಬಿಟ್ಟರೆ ಮೀನೆಲ್ಲ ಆ ಕಡೆಯಿಂದ ಹೋಗಿಬಿಡುತ್ತಿತ್ತು. ನಾನು ಐದನೆಯ ತರಗತಿಗೆ ಶಾಲೆ ಬಿಟ್ಟೆ. ಅಣ್ಣ ಮುಂಬೈಗೆ ಹೋಗಿ, ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಕಲಿತು, ಕೊನೆಗೆ ಅಮೆರಿಕದಲ್ಲಿ ನೆಲೆ ನಿಂತ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, “ನನ್ನ ಕೈಯಾಗ ಎಣ್ಣಿ ವಾಸನಿ, ಬಾಯಾಗ ಮೀನಿನ ವಾಸನಿ. ಎರಡೂ ತಡಕೊಳ್ಳಾಕಿ ಇನ್ನೂ ಹುಟ್ಟಿಲ್ರಿ” ಎಂದು ನಗುತ್ತಿದ್ದ. ನನ್ನ ಗಂಡ ತೀರಿಕೊಂಡ ಮೇಲೆ ನನ್ನನ್ನು ತಾನಿದ್ದ ಮೇರಿಲ್ಯಾಂಡ್ ರಾಜ್ಯದ ಕೊಲಂಬಿಯಾ ಊರಿಗೆ ಕರೆಸಿಕೊಂಡ. ಅದು ತೊಂಬತ್ತರ ದಶಕದ ಆರಂಭ.

ನನಗೆ ಇಂಗ್ಲಿಷ್ ಬಾರದು, ಕಾರು ಓಡಿಸಲು ಬಾರದು. ಬರುತ್ತಿದ್ದದ್ದು ಅಡುಗೆ. ಒಬ್ಬರ ಮನೆಯ ಸತ್ಯನಾರಾಯಣ ಪೂಜೆಗೆ ಹೋಳಿಗೆ ಮಾಡಿಕೊಟ್ಟೆ. ಆಮೇಲೆ ಸುತ್ತಲಿನ ಕನ್ನಡದವರೆಲ್ಲ ಫೋನು ಮಾಡತೊಡಗಿದರು. ಬಹಳ ಜನ ಬೆಂಗಳೂರು, ಮೈಸೂರಿನ ಕಡೆಯವರು. ಎಲ್ಲರ ಮೊದಲ ಪ್ರಶ್ನೆ ಒಂದೇ: “ಪ್ಯೂರ್ ವೆಜ್ ಕಿಚನ್ ತಾನೇ ಗಂಗಮ್ಮ?” ಹೌದು ಎನ್ನುತ್ತಿದ್ದೆ. ಅದು ಸುಳ್ಳಾಗಬಾರದೆಂದು ಮನೆಯಲ್ಲಿ ಮೀನು ಮಾಡುವುದನ್ನೇ ಬಿಟ್ಟೆ. ಅಣ್ಣ ಮೀನು ತಿನ್ನಬೇಕೆನಿಸಿದಾಗ ಪಕ್ಕದ ಮನೆಯ ರೇ ಎಂಬ ಮುದುಕನ ಹಿತ್ತಲಲ್ಲಿ ಸುಟ್ಟುಕೊಂಡು ತಿಂದು, ನಿಂಬೆಹೋಳಿನಿಂದ ಕೈ ಉಜ್ಜಿಕೊಂಡು ಒಳಗೆ ಬರುತ್ತಿದ್ದ. ತನ್ನ ಮನೆಗೆ ತಾನೇ ನೆಂಟನ ಹಾಗೆ.

ಮೇರಿಲ್ಯಾಂಡಿನ ಪಶ್ಚಿಮದ ಬೆಟ್ಟಗಳಲ್ಲಿ ಒಂದು ಕೆರೆ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆಂದೂ, ಜನ ಅದರ ಮೇಲೆ ಗುಡಿಸಲು ಎಳೆದುಕೊಂಡು ಹೋಗಿ, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತಾರೆಂದೂ ಅಣ್ಣನಿಗೆ ಹೇಳಿದವನು ಈ ರೇ. ಅಣ್ಣನಿಗೆ ಹುಚ್ಚು ಹಿಡಿಯಿತು. ಹಳೆಯ ದೋಣಿ ಸಾಗಿಸುವ ಟ್ರೇಲರ್ ಒಂದನ್ನು ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದ. ಅದರ ಮೇಲೆ ಮರದ ಚೌಕಟ್ಟು, ಪ್ಲೈವುಡ್ ಗೋಡೆ, ಒಳಗೆ ಫ್ರಿಜ್‌ಗೆ ಹಾಕುವಂಥದೇ ಫೋಮ್. “ಫ್ರಿಜ್‌ನ್ಯಾಗ ತಂಪು ಒಳಗ, ಇದರಾಗ ತಂಪು ಹೊರಗ. ಅಷ್ಟ ಫರಕು” ಎಂದ. ಮೂಲೆಯಲ್ಲಿ ಪುಟ್ಟ ಗ್ಯಾಸ್ ಒಲೆ, ಹೊಗೆ ನಿಲ್ಲದ ಹಾಗೆ ಮೇಲೊಂದು ಉಸಿರುಗಂಡಿ. ನೆಲದಲ್ಲಿ ಮುಚ್ಚಳವಿರುವ ಎರಡು ಕಿಂಡಿಗಳು, ಒಂದೊಂದರ ಮುಂದೆ ಕೂರಲು ಒಂದೊಂದು ಹಲಗೆ. ನನ್ನನ್ನು ಕೂರಿಸಿ, ನನ್ನ ಮೊಣಕಾಲಿನ ಎತ್ತರಕ್ಕೆ ಸರಿಯಾಗಿ ನನ್ನ ಹಲಗೆ ಕೊಯ್ದ.

ತಳಕ್ಕೆ ಡಾಂಬರು ಬಳಿಯುತ್ತಿದ್ದಾಗ ರೇ ತಲೆ ಕೆರೆದುಕೊಂಡು, ಮಂಜಿನ ಮೇಲೆ ನಿಲ್ಲುವುದಕ್ಕೆ ಇದೇಕೆ ಎಂದು ಕೇಳಿದನಂತೆ. ಅಣ್ಣ ನನಗೆ ಕನ್ನಡದಲ್ಲಿ ಹೇಳಿದ: “ಡಾಂಬರಿಲ್ಲದ್ದನ್ನ ನೀರಿಗಿ ಒಯ್ದರ ಅಪ್ಪ ಮ್ಯಾಲಿಂದ ಬೈತಾನ.”

ಮುಖ್ಯವಾದದ್ದು ಹಗ್ಗ. ಆ ಕೆರೆಯ ಮಂಜು ಕಾರು ತಡೆಯುವಷ್ಟು ದಪ್ಪವಿರುವುದಿಲ್ಲ. ದಂಡೆಯವರೆಗೆ ಕಾರಿಗೆ ಕಟ್ಟಿ ಒಯ್ಯುವುದು, ಅಲ್ಲಿ ಗಾಲಿಗಳನ್ನು ಮೇಲಕ್ಕೆತ್ತಿ, ಕೆಳಗಿನ ಮರದ ಜಾರುಪಟ್ಟಿಗಳ ಮೇಲೆ ಗುಡಿಸಲನ್ನು ಇಳಿಸುವುದು, ಅಲ್ಲಿಂದ ಮುಂದೆ ಕೈಯಿಂದ ಎಳೆಯುವುದು. ಅದಕ್ಕೇ ಎರಡು ಹಗ್ಗ. “ಒಬ್ರ ಎಳದರ ವಾಲತೈತಿ. ಇಬ್ರು ಬೇಕು. ನೀ ಮರತಿಲ್ಲಲಾ ಎಳಿಯೂದು?” ಎಂದು ಕೇಳಿದ. “ಕೈ ಮರೀತಾವೇನು?” ಎಂದೆ. ನಿಜವಾಗಿ ಆಸೆಯಾಗಿತ್ತು. ಹಳೆಯ ಸೀರೆಗಳನ್ನು ಜೋಡಿಸಿ ಎರಡು ಹಲಗೆಗಳಿಗೂ ಕೌದಿ ಹೊಲಿದೆ. ಗುಡಿಸಲು ಸಿದ್ಧವಾದ ದಿನ ಅದನ್ನು ಮನೆಮುಂದೆ ತಂದು, ಬಾಗಿಲಿಗೆ ಅರಿಸಿನ ಕುಂಕುಮ ಹಚ್ಚಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆವು. ವಾರದ ಕೊನೆಗೆ ಹೊರಡುವುದೆಂದಾಯಿತು.

ಸಂಕ್ರಾಂತಿಯ ಸಮಯ. ಮರುದಿನವೇ ಶೇಂಗಾ ಹೋಳಿಗೆ ಒಯ್ಯಲು ಶಾರದಾ ಬಂದರು. ನನಗೆ ಮೊದಲು ಆರ್ಡರ್ ಕೊಟ್ಟವರೂ, ಉಳಿದವರಿಗೆಲ್ಲ ನನ್ನ ಹೆಸರು ಹೇಳಿದವರೂ ಅವರೇ. ಜೊತೆಗೆ ಇಬ್ಬರು ಗೆಳತಿಯರು.

“ಇದೇನ್ರೀ ಗಂಗಮ್ಮ, ಡ್ರೈವ್‌ವೇನಲ್ಲಿ ಇನ್ನೊಂದು ಮನೆ ಕಟ್ಬಿಟ್ಟಿದೀರಾ? ಬಾಡಿಗೆಗೆ ಕೊಡ್ತೀರಾ?” ಎಂದರು ಶಾರದಾ.

ಜೊತೆಯಲ್ಲಿದ್ದವರೊಬ್ಬರು ಗುಡಿಸಲನ್ನು ಸುತ್ತಿ ನೋಡಿ, “ಇದು ಐಸ್ ಫಿಶಿಂಗ್‌ದು ಕಣ್ರೀ. ನಮ್ಮ ಆಫೀಸಲ್ಲಿ ಒಬ್ರು ಫೋಟೋ ತೋರ್ಸಿದ್ರು” ಎಂದರು.

“ಫಿಶ್ಶಾ? ಇವ್ರ ಮನೇಲಾ?” ಎಂದರು ಮೂರನೆಯವರು. ಹೋಳಿಗೆಯ ಡಬ್ಬಿ ಅವರ ಕೈಯಲ್ಲಿತ್ತು. ಅದನ್ನು ಸ್ವಲ್ಪ ದೂರ ಹಿಡಿದಂತೆ ನನಗೆ ಕಂಡಿತು. ಇರಲಿಕ್ಕಿಲ್ಲ. ಆದರೆ ಆಗ ಹಾಗೆ ಕಂಡಿತು.

ನನ್ನ ಬಾಯಿಂದ ಮಾತು ತಾನಾಗಿ ಬಂತು. “ಅಯ್ಯ, ನಮ್ದಲ್ರಿ. ಬಾಜೂ ಮನಿ ರೇ ಅವರ್ದು. ಜಾಗಾ ಇಲ್ಲಂತ ಇಲ್ಲಿ ನಿಲ್ಸ್ಯಾರ. ಮೀನು ಹಿಡಿಯೋ ಮಂದಿ ನಾವಲ್ರಿ.”

ಗುಡಿಸಲಿನ ಒಳಗೆ ಟಕ್ ಟಕ್ ಎನ್ನುತ್ತಿದ್ದ ಸದ್ದು ನಿಂತಿತು. ಅಣ್ಣ ಕಿಂಡಿಯ ಮುಚ್ಚಳಕ್ಕೆ ಕೀಲು ಕೂರಿಸುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆದು, ಬಗ್ಗಿ ಹೊರಗೆ ಬಂದ. “ನಮಸ್ಕಾರ್ರಿ. ಹೌದ್ರಿ, ರೇ ಅವರ್ದು. ನಾ ಸಣ್ಣ ರಿಪೇರಿ ಮಾಡಾಕತ್ತಿದ್ದೆ” ಎಂದ. ನನ್ನ ಕಡೆ ನೋಡಲಿಲ್ಲ. ಶಾರದಾ ಅವರ ಬಳಿ ಫ್ರಿಜ್ ಹೇಗಿದೆ ಎಂದು ವಿಚಾರಿಸಿದ.

ಮರುದಿನ ಬೆಳಿಗ್ಗೆ ನೋಡಿದರೆ ಗುಡಿಸಲು ರೇ ಮನೆಯ ಮುಂದಿತ್ತು. “ಯಾಕಣ್ಣಾ?” ಎಂದೆ.

“ಅವಂಗ ಕೊಟ್ಟೆ. ನೀ ಹೇಳಿದ್ದು ಸುಳ್ಳಾಗಬಾರದು ನೋಡು” ಎಂದ. ಚುಚ್ಚುವ ದನಿಯಲ್ಲ. ಅವನಿಗೆ ಚುಚ್ಚಲು ಬರುತ್ತಲೇ ಇರಲಿಲ್ಲ. ಅದೇ ನನಗೆ ತಡೆಯಲಾಗದ್ದು. ನಾನು ಹಿಟ್ಟು ನಾದುತ್ತ ನಿಂತೆ. ತಪ್ಪಾಯಿತು ಎನ್ನಲು ಬಾಯಿ ತೆರೆದರೆ, “ಚಹಾ ಮಾಡ್ಲೇನು?” ಎಂಬ ಮಾತು ಬಂತು.

ಆ ವಾರ ಅಣ್ಣ ತಾನೇ ಕಟ್ಟಿದ ಗುಡಿಸಲಿಗೆ ರೇಯ ಅತಿಥಿಯಾಗಿ ಹೋದ. ನನ್ನನ್ನು ಕರೆದ. ಆರ್ಡರ್ ಇದೆ ಎಂದೆ. ರೇಗೆ ಮೊಣಕಾಲು ನೋವು, ಎಳೆಯಲಾಗದು. ಅಣ್ಣನೊಬ್ಬನೇ ಹತ್ತು ಹೆಜ್ಜೆಗೊಮ್ಮೆ ನಿಂತು, ಮಂಜನ್ನು ಬಡಿದು ಕೇಳಿ, ಮತ್ತೆ ಎಳೆದನಂತೆ. ಬಲಗಡೆಯ ಹಗ್ಗವನ್ನು ಸುರುಳಿ ಸುತ್ತಿ ನನ್ನ ಹಲಗೆಯ ಮೇಲೆ, ಕೌದಿಯ ಮೇಲೆ ಇಟ್ಟಿದ್ದನಂತೆ. ಆ ಜಾಗದಲ್ಲಿ ರೇ ಕೂರಲು ಹೋದಾಗ, ಬೇಡ ಎಂದನಂತೆ. ಇದನ್ನು ರೇ ಕೈಸನ್ನೆಯಲ್ಲಿ, ನಿಧಾನದ ಇಂಗ್ಲಿಷಿನಲ್ಲಿ ನನಗೆ ಹೇಳಿದ.

ಮರುವರ್ಷ ಅಣ್ಣನ ಕಂಪನಿ ಅವನನ್ನು ಉತ್ತರ ಕೆರೊಲೈನಾಕ್ಕೆ ಕಳಿಸಿತು. ಮಾರಿಸ್‌ವಿಲ್‌ನಲ್ಲಿ ಮನೆ ಮಾಡಿದ. ಅಲ್ಲಿ ಕೆರೆಗಳು ಹೆಪ್ಪುಗಟ್ಟುವುದಿಲ್ಲ. ನಾನು ಗಿರಾಕಿಗಳನ್ನು ಬಿಟ್ಟು ಹೋಗಲಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದೆವು: ಊಟ, ಚಳಿ, ಊರಿನ ಸುದ್ದಿ. ಗುಡಿಸಲಿನ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ತಣ್ಣಗಿದ್ದದ್ದು ಕೆಡುವುದಿಲ್ಲ ಎಂದು ಅವನೇನೋ ಹೇಳುತ್ತಿದ್ದ. ಒಳಗೆ ಇಟ್ಟುಕೊಂಡವಳಿಗೆ ಗೊತ್ತು.

ಅವನಿಗೆ ಹೃದಯದ ಆಪರೇಷನ್ ಆಯಿತೆಂದು ತಿಳಿದಾಗ ನನ್ನನ್ನು ಕಾರಿನಲ್ಲಿ ಕರೆದೊಯ್ದವರು ಶಾರದಾ. ಅವರ ಮಗಳೂ ಮಾರಿಸ್‌ವಿಲ್‌ನಲ್ಲೇ ಇದ್ದಳು. ದಾರಿಯಲ್ಲಿ ಏನೇನೋ ಮಾತು ಬಂದು, “ನಿಮ್ಮಣ್ಣ ಆ ಫಿಶಿಂಗ್ ಗುಡಿಸಲು ಎಷ್ಟು ಚೆನ್ನಾಗಿ ಮಾಡಿದ್ರು ಅಲ್ವಾ?” ಎಂದರು.

ನಾನು ಸೆರಗು ಸರಿಮಾಡಿಕೊಂಡೆ.

“ಗಂಗಮ್ಮ, ನಮಗೆ ಅವತ್ತೇ ಗೊತ್ತಾಯ್ತು. ರೇ ಅಂಥವರು ಬಾಗಿಲಿಗೆ ಕುಂಕುಮ ಹಚ್ಚಿ, ವೀಲ್ ಕೆಳಗೆ ನಿಂಬೆಹಣ್ಣು ಇಡ್ತಾರೇನ್ರೀ? ನಿಮಗೆ ಮುಜುಗರ ಆಗತ್ತೆ ಅಂತ ಸುಮ್ನಿದ್ದೆ. ಅವರಿಬ್ಬರು ಆಮೇಲೆ ಆರ್ಡರ್ ಬಿಟ್ರು, ನಿಜ. ಬಿಟ್ರೆ ಬಿಡ್ಲಿ. ನಾನೇನು ಹೋಳಿಗೆ ಬಿಟ್ನಾ?”

ಉಳಿದ ದಾರಿಯಲ್ಲಿ ನಾನು ಕಿಟಕಿಯ ಹೊರಗೇ ನೋಡುತ್ತ ಕೂತಿದ್ದೆ. ಯಾರೂ ನಂಬದ ಒಂದು ಸುಳ್ಳಿಗಾಗಿ ಅಣ್ಣ ತನ್ನ ಗುಡಿಸಲು ಕೊಟ್ಟುಬಿಟ್ಟಿದ್ದ.

ಅವನು ಸೋಫಾದ ಮೇಲೆ ದಿಂಬಿಗೆ ಒರಗಿದ್ದ. ಬಹಳ ಇಳಿದಿದ್ದ. ನೋಡಲು ಬಂದಿದ್ದ ಅಕ್ಕಪಕ್ಕದ ಕನ್ನಡದವರು ಕುರ್ಚಿಗಳಲ್ಲಿ ಕೂತಿದ್ದರು. ನನ್ನನ್ನು ಕಂಡು ತನ್ನ ಎದೆಯನ್ನೇ ಗೆಣ್ಣಿನಿಂದ ಮೆಲ್ಲಗೆ ಬಡಿದು, “ಮಾತಾಡ್ಸಿ ನೋಡೇನಿ. ಇನ್ನೂ ಸ್ವಲ್ಪ ದಿನ ನಡೀತೈತಿ ಅಂತೈತಿ” ಎಂದ. ಅದು ಬಹಳ ದಿನ ನಡೆಯಲಿಲ್ಲ. ನಾನು ಅವನನ್ನು ಕಂಡದ್ದು ಅದೇ ಕೊನೆ.

ಅಲ್ಲಿದ್ದ ಹೆಂಗಸೊಬ್ಬರು, “ನಿಮ್ಮ ತಂಗಿ ಕೈ ಅಡುಗೆ ಬಗ್ಗೆ ತುಂಬಾ ಕೇಳಿದೀವಿ. ಪ್ಯೂರ್ ವೆಜ್ ಅಂತೆ, ತುಂಬಾ ಮಡಿ ಅಂತೆ” ಎಂದರು. ಅಣ್ಣ ಹೌದೆಂದು ತಲೆಯಾಡಿಸಿದ. ಆಗಲೂ ನನ್ನ ಕಡೆ ನೋಡಲಿಲ್ಲ, ನನಗೆ ಮುಜುಗರವಾಗದಿರಲೆಂದು.

ನಾನು ಹೋಗಿ ಅವನ ಕಾಲ ಬಳಿ ನೆಲದ ಮೇಲೆ ಕೂತೆ. ಶಾರದಾ ಬಾಗಿಲಲ್ಲೇ ನಿಂತಿದ್ದರು. ಅವರಿಗೂ, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ:

“ಅಣ್ಣಾ, ಆ ಗುಡಿಸಲು ನಿಂದು. ಅದರಾಗಿನ ಕೌದಿ ನಾ ಹೊಲದದ್ದು. ನಾವು ಹೊಳಿ ದಂಡಿ ಮಂದಿ, ಮೀನು ಹಿಡಿಯೋ ಮಂದಿ. ಅವತ್ತ ಈ ಶಾರದಾ ಅವರ ಮುಂದ ಅಲ್ಲ ಅಂದೆ, ನಿನ್ನೊಬ್ಬನ್ನ ಎಳಿಯಾಕ ಬಿಟ್ಟೆ. ನಂದ ತಪ್ಪಾತು, ಅಣ್ಣಾ. ತಪ್ಪಾತು.”