ರಿಕೋಟಾ ಮೇಲೆ ಕಾಫಿ ಚರಟ

ಮೆಲ್ಬರ್ನಿನ ಉತ್ತರದ ಬಡಾವಣೆಗೆ ಆಗಷ್ಟೇ ಬೆಳಕು ಹರಿಯುತ್ತಿದೆ. ಚೀಸ್ ಅಂಗಡಿಯ ಹಿಂಬದಿಯಲ್ಲಿ ನುನ್ಸಿಯಾತಾ ಶೀತಲ ಕೋಣೆಯ ಬಾಗಿಲು ತೆರೆದು, ಹೊಸ್ತಿಲಲ್ಲೇ ನಿಂತು ಮೂಸುತ್ತಾರೆ. ಆಮೇಲೆ ರಿಕೋಟಾ ಬುಟ್ಟಿಗಳ ಕೆಳಗಿನ ತಟ್ಟೆ ಎಳೆದು ನೀರು ನೋಡುತ್ತಾರೆ. ಈ ಮೆತ್ತನೆಯ ಹಸಿ ಚೀಸು ತಾನು ಬಿಟ್ಟ ನೀರಿನಲ್ಲೇ ಕೂತರೆ ಬೇಗ ಕೆಡುತ್ತದೆ. ಅದಕ್ಕೇ ತೂತಿನ ಬುಟ್ಟಿ. ಬಾಗಿಲ ಬಳಿ ಇಡುವಂತಿಲ್ಲ. ಗಾಳಿ ಬಡಿಯದ ಹಿಂಗೋಡೆಯೇ ಅದರ ಜಾಗ.

"ಹುಳಿ ವಾಸನೆ, ಲೋಳೆ, ಗುಲಾಬಿ ಚುಕ್ಕೆ, ಯಾವುದು ಕಂಡ್ರೂ ಪೂರ್ತಿ ಎಸೀಬೇಕು. ಗಟ್ಟಿ ಚೀಸಾದ್ರೆ ಬೂಸ್ಟು ಹಿಡಿದಷ್ಟು ಕೊಯ್ದು ತೆಗೀಬಹುದು. ಮೆತ್ತಂದ್ರಲ್ಲಿ ಅದು ಒಳಗೊಳಗೇ ಹಬ್ಬಿರುತ್ತೆ."

ಇಟಲಿಯ ಕಲಾಬ್ರಿಯಾದಿಂದ ಮದುವೆಯಾಗಿ ಬಂದವರು, ಗಂಡ ತೀರಿದ ಮೇಲೆ ಈ ಚಳಿ ಕೋಣೆಯ ಕೆಲಸಕ್ಕೆ ಕಾಲಿಟ್ಟರು. ಬೆರಳ ಗೆಣ್ಣುಗಳು ಊದಿವೆ. ಬಡಾವಣೆಯ ಇಟಲಿಯವರಿಗೆಲ್ಲ ಅವರು ಚಿಕ್ಕಮ್ಮ. ಪೇಪರಿನವರು ಬಂದರೆ ಫೋಟೋ ಮಾತ್ರ ಮಾಲೀಕ ಲುಚಾನೊನದು. ಇವರದ್ದು ಯಾಕೆ ತೆಗೆಯುತ್ತಾರೆ? ಒಳಗೆ ಕಾಲಿಟ್ಟರೆ ಪೇಪರಿನವರ ಬೂಟು ನೆನೆಯುತ್ತದಲ್ಲ!

ಕಳೆದ ಈಸ್ಟರ್‌ಗೆ ಮುಂಚಿನ ಒಂದು ಬೆಳಗ್ಗೆ ಕೋಣೆ ಬೆಚ್ಚಗಿತ್ತು. ಮೋಟಾರು ಯಾವಾಗಲೋ ನಿಂತುಹೋಗಿತ್ತು. ಹೊರಗೆ ಹಬ್ಬದ ಸಿಹಿ ಪೈ ಬೇಯಿಸಲು ರಿಕೋಟಾ ಒಯ್ಯುವ ಹೆಂಗಸರ ಸಾಲು. ಬುಟ್ಟಿಗಳನ್ನೆಲ್ಲ ಎಸೆಯಬೇಕು ಎಂದರು ನುನ್ಸಿಯಾತಾ.

"ಮೂಸಿ ನೋಡು ಚಿಕ್ಕಮ್ಮಾ, ಹೂವಿನಂಗಿದೆ! ತಲೆಗಿಲೆ ಕೆಟ್ಟಿದೆಯಾ ನಿನಗೆ?" ಎಂದ ಲುಚಾನೊ.

"ಮೂಸಿದೆ ಕಣೋ. ಮೂಗಿಗೆ ಗೊತ್ತಾಗೋದು ಕೊಳೆತ ಮೇಲೆ. ಕಾಯಿಲೆ ಅದಕ್ಕೂ ಮುಂಚೆ ಬಂದು ಕೂತಿರುತ್ತೆ."

"ಹೇಗೂ ಓವನ್ನಿಗೆ ಹೋಗೋದು ತಾನೇ?"

"ಕಲಸುವಾಗ ಚಮಚ ನೆಕ್ಕದ ಹೆಂಗಸು ನಮ್ಮಲ್ಲಿ ಯಾರಿದ್ದಾಳೆ? ನಿನ್ನ ಹೆಂಡ್ತಿ ಲೀವಿಯಾ ತುಂಬು ಬಸುರಿ. ಮೊದಲ ಬುಟ್ಟಿ ನಿಮ್ಮನೆಗೇ ಕೊಡ್ತೀನಿ. ಒಯ್ತೀಯಾ?"

ಲುಚಾನೊ ಬಾಗಿಲಿನಿಂದ ಪಕ್ಕಕ್ಕೆ ಸರಿದ.

ನುನ್ಸಿಯಾತಾ ಒಂದೊಂದೇ ಬುಟ್ಟಿಯನ್ನು ಕಸದ ಡ್ರಮ್ಮಿಗೆ ಬೋರಲು ಹಾಕಿದರು. ಮೇಲೆ ಬೆಳಗಿನ ಕಾಫಿ ಚರಟವನ್ನೆಲ್ಲ ಸುರಿದರು. ಎಸೆದದ್ದರ ಮೇಲೆ ಚರಟ ಸುರಿಯುವುದು ಅವರದೇ ಪದ್ಧತಿ. "ಮಧ್ಯಾಹ್ನದ ಹೊತ್ತಿಗೆ ಮಾಲೀಕರ ಮನಸ್ಸು ಬದಲಾಗಬಾರದಲ್ಲ. ಕಪ್ಪಾದ ರಿಕೋಟಾ ಯಾರಿಗೆ ಮಾರ್ತಾರೆ?"

ಸಾಲಿನಲ್ಲಿದ್ದವರಿಗೆ ಸುದ್ದಿ ಹೇಳಲು ಹೊರಗೆ ಹೋದದ್ದೂ ಅವರೇ. ಮಾಲೀಕ ಒಳಗೆ ಫೋನು ಹಿಡಿದು ಕೂತಿದ್ದ. "ಹಬ್ಬದ ಹೊತ್ತಲ್ಲೇ ಹೊಟ್ಟೆ ಮೇಲೆ ಹೊಡೆದ್ಯಲ್ಲೇ ಮುದುಕಿ!" ಎಂದು ಕೂಗಿದವಳು ಇಮ್ಮಕೊಲಾತಾ, ಒಂದೇ ಹಡಗಿನಲ್ಲಿ ಬಂದ ಗೆಳತಿ. ಅಂದಿನಿಂದ ಚರ್ಚಿನಲ್ಲಿ ಬೇರೆ ಬೆಂಚಿಗೆ ಹೋಗಿ ಕೂರುತ್ತಾಳೆ.

ಬೇಜಾರಿಲ್ಲವೇ ಎಂದರೆ ನುನ್ಸಿಯಾತಾ ತಟ್ಟೆಯ ನೀರು ಚೆಲ್ಲಿ, ಕೈ ಒರೆಸಿಕೊಳ್ಳುತ್ತಾರೆ.

"ಇದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ನನ್ನ ಬೈಯೋಕೆ ಎಲ್ಲರೂ ಗಟ್ಟಿಮುಟ್ಟಾಗಿ ಉಳಿದಿದ್ದಾರಲ್ಲ. ಬೈಕೊಳ್ಳಲಿ ಬಿಡಿ."